ಮುಖ್ಯ ಅಂತ ಬರೆದುಕೊಳ್ಳಿ

ಮಾರ್ಚ್ 4, ಸೋಮವಾರ

7.9.

ಬರೆದಿಟ್ಟರೆ ತಲೆಯಿಂದ ಇಳಿಯುತ್ತದೇನೋ ಎಂದು ಬರೆದೆ. ಹೋದ ತಿಂಗಳು 7.4 ಇತ್ತು. "ಇನ್ನೊಂದ್ಸಲ ನೋಡೋಣ, ಒಮ್ಮೊಮ್ಮೆ ಹೆಚ್ಚುಕಮ್ಮಿ ಆಗುತ್ತೆ" ಎಂದಿದ್ದರು ನಮ್ಮ ಬೀದಿಯ ಡಾಕ್ಟರು. ನೋಡಿದ್ದಾಯಿತು. ಪಿಎಸ್‌ಎ ಎನ್ನುತ್ತಾರೆ, ರಕ್ತದಲ್ಲಿ ಸಿಗುವ ಒಂದು ಅಂಶ. ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದಂತೆ. ನನ್ನದು ಬೇಕಾದ್ದಕ್ಕಿಂತ ಜಾಸ್ತಿ ಸುರಿಸುತ್ತಿದೆ.

ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸಿದವನು ನಾನು. ನಿವೃತ್ತಿಯಾದ ಮೇಲೂ ಮನೆಯ ಕೆಳಗಿನ ಕೋಣೆಯಲ್ಲಿ ಹಳೆಯದೊಂದು ಲೇತ್ ಇಟ್ಟುಕೊಂಡು ಪಂಪಿನ ಶಾಫ್ಟು, ಬುಷ್ಷು ಅಂತ ಸಣ್ಣಪುಟ್ಟ ಕೆಲಸ ಮಾಡುತ್ತೇನೆ. ಕೂದಲೆಳೆಯ ಅರ್ಧದಷ್ಟು ಅಳತೆ ತಪ್ಪಿದರೂ ಬೆರಳಿಗೆ ಗೊತ್ತಾಗುತ್ತದೆ. ಆದರೆ ನನ್ನೊಳಗೇ ಅಕ್ರೋಟಿನಷ್ಟು ದೊಡ್ಡದೊಂದು ವಸ್ತು ಎಪ್ಪತ್ತು ವರ್ಷದಿಂದ ಕೂತಿದೆ. ಅದು ಎಲ್ಲಿದೆ ಎಂಬುದು, ಇವತ್ತು ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಗೀಚಿ ತೋರಿಸುವ ತನಕ ನನಗೆ ಗೊತ್ತೇ ಇರಲಿಲ್ಲ.

"ಏನಂದ್ರು?" ಎಂದು ಇವಳು, ನನ್ನ ಹೆಂಡತಿ, ಕೇಳಿದಳು. "ಏನಿಲ್ಲ, ಎಲ್ಲ ಸರಿಯಿದೆ" ಎಂದೆ. ಅಡುಗೆಮನೆಗೆ ಹೋದಳು. ಹೇಳಿದರೆ ಗಾಬರಿ, ಮಗಳಿಗೆ ಫೋನು, ಅಳು. ಬೇಡ. ಇದು ನನ್ನ ಕೆಲಸ, ನಾನೇ ಮುಗಿಸಿಕೊಳ್ಳುತ್ತೇನೆ.

ಮಾರ್ಚ್ 14, ಗುರುವಾರ

ಟೂಲು ತರಲು ಹೋಗುತ್ತೇನೆ ಎಂದು ಹೇಳಿ ಎಂಆರ್‌ಐಗೆ ಹೋಗಿಬಂದೆ. ಅರ್ಧ ಗಂಟೆ ಕೊಳವೆಯೊಳಗೆ ಮಲಗಿಸಿದರು. ಕಿವಿಗೆ ಹತ್ತಿ ಕೊಟ್ಟರು, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಆ ಬಡಿತ ಕೇಳುತ್ತ, ಗೇರ್ ಬಾಕ್ಸಿನ ಹಲ್ಲು ಮುರಿದಿದ್ದರೆ ಹೀಗೆಯೇ ಸದ್ದು ಮಾಡುತ್ತದಲ್ಲ ಎಂದುಕೊಂಡೆ.

ಆಮೇಲೆ ಅಲ್ಲಿನ ಸರ್ಜನ್ ತಮ್ಮ ಕೋಣೆಯಲ್ಲಿ ಪರದೆಯ ಮೇಲೆ ನನ್ನನ್ನು ತೋರಿಸಿದರು. ಸುಮಾರು ನಲವತ್ತರ ವಯಸ್ಸು, ಚುರುಕಿನ ಮನುಷ್ಯ. ಗುಂಡಿ ತಿರುಗಿಸಿದಂತೆ ನಾನು ಹೋಳು ಹೋಳಾಗಿ ಮುಂದೆ ಸರಿದೆ. ಸೊಂಟದ ಎಲುಬು ಬಂತು, ಹೋಯಿತು. ಮೂತ್ರಕೋಶ ಬೆಳ್ಳಗೆ ಕೊಳದಂತೆ ಅರಳಿ ಮುಚ್ಚಿಕೊಂಡಿತು. ಎಷ್ಟು ಕಬ್ಬಿಣವನ್ನು ಕೊರೆದು ಒಳಗೆ ಇಣುಕಿದ್ದೇನೆ ನಾನು. ಕೊರೆಯದೆ, ಒಂದು ಹನಿ ರಕ್ತ ಬೀಳಿಸದೆ, ಬದುಕಿರುವ ಮನುಷ್ಯನ ಒಳಗನ್ನು ಹೀಗೆ ಪುಟ ತಿರುಗಿಸಿದ ಹಾಗೆ ನೋಡಬಹುದು ಎಂದರೆ! ಬಂದ ಕೆಲಸ ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಸರ್ಜನ್ ಪೆನ್ನಿನ ತುದಿಯನ್ನು ಒಂದು ಕಡೆ ಇಟ್ಟು "ಇಲ್ಲಿದೆ ನೋಡಿ" ಎಂದಾಗಲೇ ನೆನಪಾದದ್ದು. ಬೂದು ಬಣ್ಣದ ಕಲೆ. ಹನ್ನೊಂದು ಮಿಲಿಮೀಟರ್.

ಸಂಜೆ ಇವಳು ಟೀ ಲೋಟ ಎದುರಿಗಿಟ್ಟು ಕೂತಳು.

"ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೀನಿ ನಾನು. 'ಎಲ್ಲ ಸರಿಯಿದೆ' ಅನ್ನೋ ಮಾತನ್ನ ಜನ ಎಷ್ಟು ಥರ ಹೇಳ್ತಾರೆ ಗೊತ್ತಾ ನಿಮಗೆ? ಹತ್ತು ದಿನದಿಂದ ಕಾಯ್ತಾ ಇದ್ದೀನಿ, ಇವರು ಯಾವಾಗ ಹೇಳ್ತಾರೋ ಅಂತ."

ಹೇಳಿದೆ. ಅಳಲಿಲ್ಲ. "ಎಲ್ಲಿ, ಫಿಲ್ಮ್ ಕೊಡಿ" ಎಂದು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಏನು ಅರ್ಥವಾಯಿತೋ ಗೊತ್ತಿಲ್ಲ.

ಮಾರ್ಚ್ 26, ಮಂಗಳವಾರ

ಬಯಾಪ್ಸಿ ಆಯಿತು, ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆಯುವುದು. ಹದಿನಾಲ್ಕು ಸಲ ಸ್ಟೇಪ್ಲರ್ ಹೊಡೆದ ಹಾಗೆ. ಕೂರಲು ಆಗುತ್ತಿಲ್ಲ, ನಿಂತುಕೊಂಡೇ ಬರೆಯುತ್ತಿದ್ದೇನೆ. ಇಷ್ಟು ಸಾಕು.

ಏಪ್ರಿಲ್ 5, ಶುಕ್ರವಾರ

ಕ್ಯಾನ್ಸರ್.

ಆ ಪದ ಕೇಳಿದ ಮೇಲೆ ಸರ್ಜನ್ ಹೇಳಿದ ಮೊದಲ ನಾಲ್ಕು ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಪಕ್ಕದಲ್ಲಿ ಇವಳು ಬರೆದುಕೊಳ್ಳುತ್ತಿದ್ದಳು. ಮೂರು ಕೂಡಿಸು ನಾಲ್ಕು, ಒಟ್ಟು ಏಳು. ಅದು ಅದರ ದರ್ಜೆಯಂತೆ. ಆರು ಎಂದರೆ ಸೋಮಾರಿ, ಹತ್ತು ಎಂದರೆ ರಾಕ್ಷಸ. ನನ್ನದು ಸೋಮಾರಿಗಿಂತ ಒಂದು ಮೆಟ್ಟಿಲು ಮೇಲೆ. ಗ್ರಂಥಿಯ ಒಳಗೇ ಇದೆ, ಆಚೆ ಹೋಗಿಲ್ಲ.

"ಯಾವತ್ತು ತೆಗೀತೀರಿ?" ಎಂದು ಕೇಳಿದೆ.

"ಅವಸರ ಇಲ್ಲ" ಎಂದರು.

ನನಗೆ ಸಿಟ್ಟು ಬಂತು. ಕ್ಯಾನ್ಸರ್ ಇದೆ ಎನ್ನುವುದು, ಅದೇ ಬಾಯಲ್ಲಿ ಅವಸರ ಇಲ್ಲ ಎನ್ನುವುದು. ಅವರು ಸಮಾಧಾನವಾಗಿ ಮೂರು ದಾರಿ ಹೇಳಿದರು. ಗ್ರಂಥಿಯನ್ನೇ ಆಪರೇಶನ್ ಮಾಡಿ ತೆಗೆಯುವುದು. ಹೊರಗಿನಿಂದ ವಿಕಿರಣ ಕೊಟ್ಟು ಸುಡುವುದು. ಅಥವಾ ಸದ್ಯಕ್ಕೆ ಏನೂ ಮಾಡದೆ, ಮೂರು ತಿಂಗಳಿಗೊಮ್ಮೆ ರಕ್ತ, ವರ್ಷಕ್ಕೆ ಮತ್ತೆ ಸ್ಕ್ಯಾನು, ಮತ್ತೆ ಬಯಾಪ್ಸಿ ಎಂದು ಕಣ್ಣಿಟ್ಟು ಕಾಯುವುದು.

"ನೀವು ಯಾವುದು ಹೇಳ್ತೀರೋ ಅದು" ಎಂದೆ.

"ನಾನು ಕತ್ತಿ ಹಿಡಿಯೋನು ಯಜಮಾನ್ರೇ. ನನ್ನ ಕೇಳಿದ್ರೆ ಕತ್ತಿ ಕಡೆಗೇ ಸ್ವಲ್ಪ ವಾಲ್ತೀನಿ. ಅದಕ್ಕೇ ವಿಕಿರಣದ ಡಾಕ್ಟರನ್ನೂ ನೋಡಿ. ಒಂದು ತಿಂಗಳು ಯೋಚನೆ ಮಾಡಿ. ಮೂರರಲ್ಲಿ ಯಾವುದು ಹಿಡಿದರೂ ತಪ್ಪಲ್ಲ, ಅದೇ ಇದರಲ್ಲಿ ಕಷ್ಟ."

ಡ್ರಾಯಿಂಗ್ ಕೊಡಿ, ಮಾಡಿಕೊಡುತ್ತೇನೆ. ನನ್ನ ಇಡೀ ಬದುಕು ಹಾಗೆಯೇ ನಡೆದದ್ದು. ಇವರು ಖಾಲಿ ಹಾಳೆಯನ್ನು ನನ್ನ ಕೈಗೆ ಕೊಟ್ಟು ಡ್ರಾಯಿಂಗ್ ನೀನೇ ಬರೆ ಎನ್ನುತ್ತಿದ್ದಾರೆ.

ಏಪ್ರಿಲ್ 7, ಭಾನುವಾರ

ಮಗಳು ಬಂದಿದ್ದಳು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ, ಮನೆಯಲ್ಲೂ ಅದೇ ದನಿ. ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಮೂರು ಕಂಬ ಮಾಡಿದಳು. ಮೂರನೆಯ ಕಂಬದ ಮೇಲೆ 'ಕಾಯುವುದು' ಎಂದು ಬರೆದು, ಅದರ ಕೆಳಗೆ ಏನೂ ಬರೆಯದೆ ಬಿಟ್ಟಳು.

"ಅಪ್ಪ, ತೆಗೆಸಿಬಿಡು. ಮೈಯಲ್ಲಿ ಅದನ್ನ ಇಟ್ಕೊಂಡು ಹೇಗೆ ಓಡಾಡ್ತೀಯ ನೀನು?"

ಅವಳು ಹೇಳುವುದು ಸರಿ ಎನಿಸಿತು. ಬಿರುಕು ಬಿಟ್ಟ ಭಾಗವನ್ನು ಬಿಚ್ಚಿ ಎಸೆಯಬೇಕು. ತೆಗೆಸಿಬಿಡುತ್ತೇನೆ. ಸೋಮವಾರ ಫೋನ್ ಮಾಡುತ್ತೇನೆ ಎಂದು ಹೇಳಿದೆ. ಇವಳು ಹಾಳೆಯ ಖಾಲಿ ಕಂಬವನ್ನೇ ನೋಡುತ್ತಿದ್ದಳು. ನೀನೇನಂತೀಯ ಎಂದು ನಾನು ಕೇಳಲಿಲ್ಲ.

ಏಪ್ರಿಲ್ 13, ಶನಿವಾರ

ಫೋನ್ ಮಾಡಲಿಲ್ಲ. ಯಾಕೋ ಒಂದೊಂದು ದಿನ ಮುಂದೆ ಹಾಕಿದೆ. ಇವತ್ತು ರೇಡಿಯೋ ಭಾವನ ಮನೆಗೆ ಹೋಗಿದ್ದೆ.

ಇವಳ ಅಣ್ಣ. ನನಗಿಂತ ಐದು ವರ್ಷ ದೊಡ್ಡವರು, ಬಸ್ಸು ಓಡಿಸಿ ನಿವೃತ್ತರಾದವರು. ಅವರು ನನ್ನನ್ನು, ನಾನು ಅವರನ್ನು 'ಭಾವ' ಎಂದೇ ಕರೆಯುವುದು. ಬೆಳಗ್ಗೆ ಬಾಯಿ ತೆರೆದರೆ ಮಲಗುವವರೆಗೆ ಮುಚ್ಚುವುದಿಲ್ಲ, ಅದಕ್ಕೇ ರೇಡಿಯೋ. ಆರು ವರ್ಷದ ಹಿಂದೆ ಮೂತ್ರಕೋಶದ ಕಲ್ಲು ತೆಗೆಸಿಕೊಂಡಿದ್ದರು. ಆಸ್ಪತ್ರೆ ಎಂದರೆ ಹೇಗಿರುತ್ತದೆ ಎಂದು ಕೇಳೋಣ ಎಂದು ಹೋದೆ. ವಿಷಯ ಹೇಳಿದೆ.

ರೇಡಿಯೋ ನಿಂತುಹೋಯಿತು.

"ಬನ್ನಿ ಭಾವ, ಮೇಲೆ ಹೋಗೋಣ" ಎಂದು ತಾರಸಿಗೆ ಕರೆದೊಯ್ದರು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಎರಡು ಚಾದರಗಳ ನಡುವೆ ನಿಂತು, ಅವರನ್ನು ಬಲ್ಲ ನಲವತ್ತ ಮೂರು ವರ್ಷದಲ್ಲಿ ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು.

"ಕಲ್ಲಲ್ಲ ಭಾವ. ನಂದೂ ಇದೇ."

ಚಾದರ ಸರಿಸಿ ಇನ್ನಷ್ಟು ಹತ್ತಿರ ಬಂದರು.

"ನಂದು ನಿಮ್ಮ ಥರ ಅಲ್ಲ, ಜೋರಿತ್ತು. ತೆಗೀದೇ ಗತಿ ಇರಲಿಲ್ಲ. ತೆಗೆದ್ರು. ಬದುಕಿದ್ದೀನಿ, ಅದು ದೊಡ್ಡದು, ಅದನ್ನ ಅಲ್ಲಗಳೆಯಲ್ಲ. ಮೂರು ತಿಂಗಳು, ಆರು ತಿಂಗಳಲ್ಲಿ ಮೂತ್ರ ಹಿಡಿತಕ್ಕೆ ಬರುತ್ತೆ ಅಂದಿದ್ರು. ಎಷ್ಟೋ ಜನಕ್ಕೆ ಬರುತ್ತೆ. ನನಗೆ ಬರಲಿಲ್ಲ. ಕೆಮ್ಮಿದ್ರೆ, ಸೀನಿದ್ರೆ, ನಕ್ರೆ... ದಿನಕ್ಕೆ ಮೂರು ಪ್ಯಾಡ್ ಬೇಕು."

ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಇನ್ನೊಂದು ವಿಷಯಾನೂ ಹೋಯ್ತು. ಅದು ಬಿಡಿ, ಗೊತ್ತಾಯ್ತಲ್ಲ ನಿಮಗೆ."

ಗೊತ್ತಾಯಿತು. ಒಂದೇ ಏಟಿಗೆ ಎಷ್ಟೆಲ್ಲ ಗೊತ್ತಾಯಿತು. ಯಾರ ಮನೆಗೆ ಹೋದರೂ ಬಾಗಿಲ ಹತ್ತಿರದ ಕುರ್ಚಿಯೇ ಯಾಕೆ ಬೇಕು ಇವರಿಗೆ. ಸುಡುಬಿಸಿಲಲ್ಲೂ ಕಪ್ಪು ಪ್ಯಾಂಟೇ ಯಾಕೆ. ಎರಡು ದಿನದ ಪ್ರಯಾಣ ಎಂದರೆ ಅಷ್ಟು ದೊಡ್ಡ ಚೀಲ ಯಾಕೆ. ನಾನೇ ಎಷ್ಟು ಸಲ ಎಲ್ಲರೆದುರು ಆ ಚೀಲದ ಬಗ್ಗೆ ತಮಾಷೆ ಮಾಡಿದ್ದೇನೆ. ಭಾವ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಾರೆ. ನಕ್ಕರೆ ಏನಾಗುತ್ತದೆಂದು ಗೊತ್ತಿದ್ದೂ ನಕ್ಕಿದ್ದಾರೆ. ಆರು ವರ್ಷ, ಒಂದು ದಿನ ಬಿಡದೆ. ಇಷ್ಟು ಗಟ್ಟಿ ಮನುಷ್ಯನನ್ನು ನಾನು ಹರಟೆಮಲ್ಲ ಎಂದುಕೊಂಡಿದ್ದೆ.

"ತೆಗೆಸಬೇಡಿ ಅಂತ ಹೇಳ್ತಿಲ್ಲ ನಾನು" ಎಂದರು. "ಕೇಳಿಕೊಂಡು ತೆಗೆಸಿ. ನಾನು ಏನೂ ಕೇಳಲಿಲ್ಲ, ನಾಚಿಕೆ. ನನ್ನ ತಂಗಿಗೆ ಮಾತ್ರ ಹೇಳಬೇಡಿ."

ಮನೆಗೆ ಬಂದು ಹೇಳಲಿಲ್ಲ. ಬರೆದಿದ್ದೇನೆ, ಅಷ್ಟೆ.

ಏಪ್ರಿಲ್ 18, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ವಿಕಿರಣದ ಡಾಕ್ಟರು ಐವತ್ತೈದರ ಆಸುಪಾಸಿನ ಹೆಂಗಸು. ನಿಧಾನ ಮಾತು. ಮೇಜಿನ ಮೇಲೆ ಒಂದು ಫಾರಂ, ಅದರಲ್ಲಿ ಸಣ್ಣ ಸಣ್ಣ ಚೌಕಗಳು. ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಹೇಳುತ್ತಿದ್ದೆ. ಒಂದು ದಿನದಲ್ಲಿ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ, ಧಾರೆ ಹೇಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೆ. ಬಾಯಿಪಾಠ ಒಪ್ಪಿಸಿದಂತೆ ಹೇಳಿದೆ. ಆಮೇಲೆ ಪೆನ್ನು ಹಿಡಿದುಕೊಂಡೇ ಕೇಳಿದರು.

"ಗಂಡ ಹೆಂಡತಿ ಸಂಬಂಧ ಈಗಲೂ ಇದೆಯಾ ನಿಮ್ಮಿಬ್ಬರಲ್ಲಿ? ಅದು ನಿಮಗೆ ಮುಖ್ಯನಾ? ಯಾಕೆ ಕೇಳ್ತೀನಿ ಅಂದ್ರೆ, ಪ್ರತಿ ಚಿಕಿತ್ಸೆನೂ ಅದನ್ನ ಒಂದೊಂದು ಥರ ತಟ್ಟುತ್ತೆ."

ನನ್ನ ಮುಖ ಕೆಂಡವಾಯಿತು. "ಎಪ್ಪತ್ತಾಯ್ತು ಡಾಕ್ಟ್ರೇ. ಇನ್ನೇನು. ಅದನ್ನ ಬಿಟ್ಟುಬಿಡಿ" ಎಂದೆ.

ಪೆನ್ನು ಚೌಕದ ಹತ್ತಿರ ಹೋಯಿತು.

"ಬರೀಬೇಡಿ" ಎಂದಳು ಇವಳು.

ಡಾಕ್ಟರು ತಲೆಯೆತ್ತಿದರು. ಇವಳು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಟ್ರಂಕ್ ಕಾಲ್ ಜೋಡಿಸುವಾಗ ಇದ್ದಿರಬಹುದಾದ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದಳು.

"ಮುಖ್ಯ ಅಂತ ಬರೆದುಕೊಳ್ಳಿ."

ಡಾಕ್ಟರು ಬರೆದುಕೊಂಡರು. ನಗಲಿಲ್ಲ, ಏನೂ ಇಲ್ಲ. "ಒಳ್ಳೇದು. ಹಾಗಾದ್ರೆ ಅದನ್ನೂ ಲೆಕ್ಕಕ್ಕೆ ತಗೊಂಡು ಮಾತಾಡೋಣ" ಎಂದು ಮುಂದೆ ಹೋದರು. ಆಮೇಲೆ ಅವರು ಹೇಳಿದ್ದನ್ನೆಲ್ಲ ಇವಳು ಬರೆದುಕೊಂಡಿದ್ದಾಳೆ, ಅದರಿಂದಲೇ ಇಲ್ಲಿ ಇಳಿಸುತ್ತಿದ್ದೇನೆ. ನನ್ನಂಥವರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಶನ್, ಒಂದಕ್ಕೆ ವಿಕಿರಣ, ಒಂದನ್ನು ಬರೀ ಗಮನಿಸುತ್ತ, ಹದಿನೈದು ವರ್ಷ ನೋಡಿದ್ದಾರಂತೆ. ಯಾವ ಗುಂಪಿನಲ್ಲಾದರೂ ಈ ಕಾಯಿಲೆಯಿಂದಲೇ ಸತ್ತವರು ನೂರಕ್ಕೆ ಸುಮಾರು ಮೂರು ಜನ. ಕಾದವರಲ್ಲಿ ಹರಡಿದ್ದು ಸ್ವಲ್ಪ ಹೆಚ್ಚು, ಅದೂ ನಿಜ. ಅವರಲ್ಲಿ ಎಷ್ಟೋ ಮಂದಿ ನಡುವೆ ಚಿಕಿತ್ಸೆಗೆ ಹೋದದ್ದೂ ನಿಜ.

ನೂರಕ್ಕೆ ಮೂರು. ಮೂರೂ ದಾರಿಯಲ್ಲಿ. ನಾನು ಎರಡು ವಾರದಿಂದ ಒಂದು ದಾರಿ ಬದುಕಿಗೆ, ಉಳಿದೆರಡು ಮಸಣಕ್ಕೆ ಎಂದುಕೊಂಡಿದ್ದೆ.

ಮೆಟ್ಟಿಲು ಇಳಿಯುವಾಗ "ಡಾಕ್ಟರ ಮುಂದೆ ಹಾಗಾ ಹೇಳೋದು?" ಎಂದೆ.

"ಮತ್ತೆಲ್ಲಿ ಹೇಳ್ಬೇಕಿತ್ತು?" ಎಂದಳು. ಎರಡು ಮೆಟ್ಟಿಲು ಇಳಿದು ನಿಂತಳು. "ಅದರಲ್ಲಿ ನಂದು ಅಂತಾನೂ ಅರ್ಧ ಇದೆ. ನೀವೊಬ್ಬರೇ ಬಿಟ್ಟುಕೊಡೋಕೆ ಹೊರಟ್ರೆ ಹೇಗೆ?"

ಇತ್ತೀಚಿನ ವರ್ಷಗಳಲ್ಲಿ ಅಪರೂಪಕ್ಕೊಮ್ಮೆ, ಅದೂ ನನ್ನ ಸಮಾಧಾನಕ್ಕೆ ಅವಳು ಒಪ್ಪಿಕೊಳ್ಳುತ್ತಾಳೆ ಎಂದೇ ತಿಳಿದಿದ್ದೆ.

ಏಪ್ರಿಲ್ 19, ಶುಕ್ರವಾರ

ಲೇತ್ ಮುಟ್ಟಲಿಲ್ಲ. ಇಬ್ಬರೂ ನದಿಯ ಸೇತುವೆಯವರೆಗೆ ನಡೆದು ಬಂದೆವು. ಅಷ್ಟು ದೂರ ಒಟ್ಟಿಗೆ ನಡೆದು ಎಷ್ಟು ವರ್ಷವಾಗಿತ್ತೋ. ಕಾಯಿಲೆಯ ಮಾತು ಒಂದೂ ಆಡಲಿಲ್ಲ. ಬೇಸಿಗೆಯಾದರೂ ನೀರು ತುಂಬಾ ಇತ್ತು.

ಮೇ 3, ಶುಕ್ರವಾರ

ಕಾಯುವುದು ಎಂದು ತೀರ್ಮಾನಿಸಿದೆವು. ಸರ್ಜನ್ ತಲೆಯಾಡಿಸಿದರು. "ಸುಮ್ಮನೆ ಕೂರೋದಲ್ಲ ಇದು. ಹೇಳಿದ ದಿನ ಬರಬೇಕು, ಒಂದೂ ತಪ್ಪಿಸಬಾರದು. ಅದು ಮೇಲೇಳೋ ಸೂಚನೆ ಕಂಡ ದಿನ ಮತ್ತೆ ಕೂತು ಮಾತಾಡ್ತೀವಿ" ಎಂದರು.

ಮಗಳು ಫೋನಿನಲ್ಲಿ ಕೂಗಾಡಿದಳು. "ನಿನಗೆ ಹೆದರಿಕೆ ಅಪ್ಪ. ಅದಕ್ಕೇ ಕಾಯ್ತೀನಿ ಅಂತಿದ್ದೀಯ."

"ಹೆದರಿಕೆ ಇದೆ" ಎಂದೆ. "ಮೂರಕ್ಕೂ ಇದೆ. ಇದಕ್ಕೆ ಸ್ವಲ್ಪ ಕಮ್ಮಿ ಇದೆ."

ಆ ಕಡೆ ಅವಳು ಅಳುತ್ತಿದ್ದಳು. ಇವಳು ಫೋನ್ ಇಸಿದುಕೊಂಡಳು. ಒಳಗಿನ ಕೋಣೆಯಿಂದ ಬಹಳ ಹೊತ್ತು ಮೆಲುದನಿ ಕೇಳುತ್ತಿತ್ತು. ಹೀಗೆಯೇ ಇರಬೇಕು, ಮೂವತ್ತು ವರ್ಷ ಎಷ್ಟೋ ಜನರ ಗಾಬರಿಯನ್ನು ಇವಳು ಸಂಭಾಳಿಸಿದ್ದು.

ಆಗಸ್ಟ್ 8, ಗುರುವಾರ

7.6. ಇಳಿದಿದೆ. ಸುಳ್ಳು ಏಕೆ ಹೇಳಲಿ, ವರದಿ ಬರುವ ಮೊದಲಿನ ಎರಡು ದಿನ ಊಟ ಸೇರಲಿಲ್ಲ.

ಭಾವನ ವಿಷಯ ಇವಳಿಗೆ ಮೊದಲೇ ಗೊತ್ತಿತ್ತಂತೆ. ಇವತ್ತು ಬಟ್ಟೆ ಮಡಿಸುತ್ತ ತಾನಾಗಿಯೇ ಹೇಳಿದಳು. "ಅಣ್ಣ ಫೋನಲ್ಲಿ 'ಕಲ್ಲು' ಅಂದಾಗಲೇ ತಿಳೀತು ಅದು ಕಲ್ಲಲ್ಲ ಅಂತ. ಅವನಿಗೆ ಹೇಳೋಕೆ ಇಷ್ಟ ಇರಲಿಲ್ಲ. ನಾನು ಕಲ್ಲು ಅಂತಲೇ ನಂಬಿದ ಹಾಗೆ ಇದ್ದೆ." ಆರು ವರ್ಷ ಅವರು ಮುಚ್ಚಿಟ್ಟದ್ದನ್ನು ಇವಳೂ ಜೊತೆಗೆ ಹಿಡಿದು ನಿಂತಿದ್ದಾಳೆ, ಅವರಿಗೆ ಗೊತ್ತಾಗದ ಹಾಗೆ. ಈ ಅಣ್ಣ ತಂಗಿಯ ನಡುವೆ ನಾನೊಬ್ಬ ದಡ್ಡ ಓಡಾಡಿಕೊಂಡಿದ್ದೆ.

ನವೆಂಬರ್ 7, ಗುರುವಾರ

8.3. "ನೋಡೋಣ" ಎಂದರು. ನೋಡುತ್ತಿದ್ದೇವೆ.

ಏಪ್ರಿಲ್ 10, ಗುರುವಾರ

ವರ್ಷ ತುಂಬಿತು. ಮತ್ತೆ ಕೊಳವೆ, ಮತ್ತೆ ಸೂಜಿ. ಇವತ್ತು ಫಲಿತಾಂಶ. ಹನ್ನೊಂದು ಇದ್ದದ್ದು ಹದಿನಾರು ಮಿಲಿಮೀಟರ್ ಆಗಿದೆ. ದರ್ಜೆ ಮೂರು ಕೂಡಿಸು ನಾಲ್ಕು ಇದ್ದದ್ದು ನಾಲ್ಕು ಕೂಡಿಸು ಮೂರು ಆಗಿದೆ. ಕೂಡಿದರೆ ಏಳೇ, ಆದರೆ ನಾಲ್ಕು ಮೊದಲು ಬಂದರೆ ಕಾಯಿಲೆ ಜೋರಾಗಿದೆ ಎಂದರ್ಥವಂತೆ. ಇನ್ನೂ ಒಳಗೇ ಇದೆ.

"ಈಗ ಏನಾದರೂ ಮಾಡೋಣ" ಎಂದರು ಸರ್ಜನ್.

ಹೋದ ವರ್ಷ ಕಿವಿ ಮುಚ್ಚಿಕೊಂಡಂತೆ ಆಗಿತ್ತಲ್ಲ, ಈ ಸಲ ಹಾಗಾಗಲಿಲ್ಲ. ಎಲ್ಲ ಕೇಳಿಸಿತು. ಕಾಯದೆ ಅವತ್ತೇ ತೆಗೆಸಿದ್ದರೆ ಚೆನ್ನಾಗಿತ್ತಾ ಎಂದು ಇವಳು ಕೇಳಿದಳು. ಅವರು ತಡವರಿಸದೆ ಹೇಳಿದರು. "ಗೊತ್ತಿಲ್ಲಮ್ಮ. ಆದರೆ ಈ ಒಂದು ವರ್ಷ ಇವರು ಇವರ ಥರಾನೇ ಇದ್ದರು. ಅದು ನಷ್ಟ ಅಲ್ಲ."

ಏಪ್ರಿಲ್ 20, ಭಾನುವಾರ

ಮಗಳು ಬಂದಿದ್ದಳು. ಹಾಳೆ ತರಲಿಲ್ಲ. "ನೀವಿಬ್ಬರೂ ಏನಂದುಕೊಂಡಿದ್ದೀರ ಹೇಳಿ" ಎಂದು ಕೂತಳು. ಭಾವನನ್ನೂ ಕರೆದಿದ್ದೆವು. ಬಂದು ಬಾಗಿಲ ಹತ್ತಿರ ಕೂತರು. ಕೂತವರೇ ಯಾರೂ ಕೇಳದೆ ತಂಗಿಯ ಕಡೆ ತಿರುಗಿ, "ನಂಗೂ ಇದೇ ಇತ್ತು ಕಣೆ, ಕಲ್ಲಲ್ಲ" ಎಂದರು. ಇವಳು "ಹೌದಾ ಅಣ್ಣ?" ಎಂದಳು. ಇಷ್ಟು ಚೆನ್ನಾಗಿ ಆಶ್ಚರ್ಯಪಟ್ಟದ್ದನ್ನು ನಾನು ನೋಡಿಲ್ಲ. ಎದ್ದು ಹೋಗಿ ಅಣ್ಣನ ಪಕ್ಕ ಕೂತಳು. ಅವರು ಕಣ್ಣೊರೆಸಿಕೊಂಡರು.

ವಿಕಿರಣ ಎಂದು ಗೊತ್ತುಮಾಡಿದೆವು. ಇಪ್ಪತ್ತು ದಿನ. ಮೊದಲು ಎರಡು ತಿಂಗಳು, ಆಮೇಲೂ ಸೇರಿ ಒಟ್ಟು ಆರು ತಿಂಗಳು ಚುಚ್ಚುಮದ್ದು. ಗಂಡಸಿನ ಹಾರ್ಮೋನನ್ನು ಅದು ನಿಲ್ಲಿಸುತ್ತದೆ, ಕ್ಯಾನ್ಸರಿಗೆ ಊಟ ಸಿಗದ ಹಾಗೆ. ಹಾಗೆಂದರೆ ಆ ಕಾಲದಲ್ಲಿ ಆಸೆಯೂ ಇರುವುದಿಲ್ಲ. ಆಮೇಲೆ ಮರಳಬಹುದು, ಪೂರ್ತಿ ಮರಳದೆಯೂ ಇರಬಹುದು. ವಿಕಿರಣದ ಡಾಕ್ಟರು ಅದನ್ನು ಇಬ್ಬರಿಗೂ ಸೇರಿಸಿ ಹೇಳಿದ್ದರು, ಒಬ್ಬೊಬ್ಬರ ಮುಖ ನೋಡಿ.

ಎಲ್ಲರೂ ಹೋದ ಮೇಲೆ ಅದನ್ನೇ ಕೇಳಿದೆ ಇವಳನ್ನು.

"ಆರು ತಿಂಗಳು ನಾನು ಕಾಯ್ತೀನಿ. ಆಮೇಲೆ ಬಂದಷ್ಟು ಬರಲಿ" ಎಂದಳು. "ನೀವು ಇರೋದು ಮುಖ್ಯ. ಅದನ್ನೂ ಅವರು ಬರೆದುಕೊಂಡಿರಬೇಕು."

ಮಗಳು ಕಿತ್ತಳೆ ಹಣ್ಣನ್ನು ಮೇಜಿನ ಮೇಲಿಟ್ಟು, ಸುತ್ತ ಪೆನ್ಸಿಲನ್ನು ತಿರುಗಿಸಿ ತೋರಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕಿರಣ ಎಲ್ಲ ದಿಕ್ಕಿನಿಂದಲೂ ತೆಳ್ಳಗೆ ಬರುತ್ತದೆ, ದಾರಿಯಲ್ಲಿ ಸಿಕ್ಕ ಚರ್ಮ, ಮಾಂಸಕ್ಕೆ ಹೆಚ್ಚು ನೋವು ಕೊಡುವುದಿಲ್ಲ, ಎಲ್ಲವೂ ಕೂಡುವ ಒಂದು ಜಾಗದಲ್ಲಿ ಮಾತ್ರ ಪೂರ್ತಿ ಬಲ. ಇದನ್ನು ಮೊದಲು ಯೋಚಿಸಿದ ತಲೆ ಎಂಥದ್ದಿರಬೇಕು.

ಜೂನ್ 11, ಬುಧವಾರ

ಸೆಕೆ. ಹೊರಗಿನದಲ್ಲ, ಒಳಗಿನದು. ಎದೆಯಿಂದ ಹೊರಟು ಕತ್ತು, ಕಿವಿ, ತಲೆಯವರೆಗೆ ಉರಿ ಏರುತ್ತದೆ, ಬೆವರು ಸುರಿಯುತ್ತದೆ, ಎರಡು ನಿಮಿಷದಲ್ಲಿ ಚಳಿ. ಚುಚ್ಚುಮದ್ದಿನ ಪ್ರಭಾವ. ದಿನಕ್ಕೆ ಎಂಟೋ ಹತ್ತೋ ಸಲ.

ಇವಳು ಒದ್ದೆ ಬಟ್ಟೆ ತಂದುಕೊಟ್ಟು ನಕ್ಕಳು. "ಐವತ್ತರಲ್ಲಿ ನಂಗೆ ಆಗಿದ್ದು ಇದೇ. ಈಗ ನಿಮ್ಮ ಸರದಿ."

ಮೂರು ವರ್ಷ ಆಗಿತ್ತಂತೆ ಅವಳಿಗೆ. ಹೀಗೆ ಉರಿಯುತ್ತ, ಎಂಟು ಗಂಟೆ ಹೆಡ್‌ಫೋನ್ ಹಾಕಿಕೊಂಡು, ಕರೆ ಮಾಡಿದ ಪ್ರತಿಯೊಬ್ಬರಿಗೂ ಮೆತ್ತಗೆ ಮಾತಾಡಿ ಮನೆಗೆ ಬಂದು ಅಡುಗೆ ಮಾಡಿದ್ದಾಳೆ. ನನಗೆ ನೆನಪಿರುವುದು ಒಂದೇ: ಆ ಕಾಲದಲ್ಲಿ ಇವಳು ಫ್ಯಾನ್ ಹಾಕುತ್ತಿದ್ದಳು, ನನಗೆ ನೆಗಡಿಯಾಗುತ್ತದೆಂದು ನಾನು ಆರಿಸುತ್ತಿದ್ದೆ.

ಇವತ್ತು ಅದಕ್ಕೆ ಕ್ಷಮೆ ಕೇಳಿದೆ. "ಯಾವ ಫ್ಯಾನು?" ಎಂದಳು. ಅವಳಿಗೆ ನೆನಪಿಲ್ಲವೋ, ನೆನಪಿಲ್ಲದ ಹಾಗೆ ಇದ್ದಾಳೋ. ಇನ್ನು ಮುಂದೆ ನನಗೆ ಎಂದಾದರೂ ತಿಳಿದೀತು ಎಂಬ ನಂಬಿಕೆಯಿಲ್ಲ.

ಜುಲೈ 7, ಸೋಮವಾರ

ಮೊದಲ ದಿನ. ಹೊಟ್ಟೆಯ ಮೇಲೆ ಒಂದು, ಸೊಂಟದ ಎರಡು ಪಕ್ಕಕ್ಕೆ ಒಂದೊಂದು, ಪೆನ್ನಿನ ಮೊನೆಯಷ್ಟು ಹಚ್ಚೆಯ ಚುಕ್ಕೆ ಮೊದಲೇ ಹಾಕಿದ್ದರು. ಲೇತಿಗೆ ಕಟ್ಟುವ ಮೊದಲು ನಾನೂ ಕಬ್ಬಿಣಕ್ಕೆ ಹೀಗೆಯೇ ಗುರುತು ಹಾಕುತ್ತೇನೆ.

ಮೂತ್ರಕೋಶ ತುಂಬಿರಬೇಕು, ಅರ್ಧ ಲೀಟರ್ ನೀರು ಕುಡಿದು ಕಾಯಿರಿ ಎನ್ನುತ್ತಾರೆ. ಕಾಯುವ ಕೋಣೆಯಲ್ಲಿ ನಾವು ಐದು ಜನ ಮುದುಕರು, ಎಲ್ಲರೂ ನೀರು ಕುಡಿದು ಕಾಲ ಮೇಲೆ ಕಾಲು ಹಾಕಿಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದೆವು. ಒಬ್ಬ ಮೇಷ್ಟ್ರು, ಒಬ್ಬ ಬಡಗಿ, ಒಬ್ಬ ರೈತ, ಒಬ್ಬರು ನಿವೃತ್ತ ನ್ಯಾಯಾಧೀಶರು, ಜೊತೆಗೆ ನಾನು. ಮೆಷಿನು ಹತ್ತು ನಿಮಿಷ ತಡ ಎಂದು ಹೇಳಿದಾಗ ನ್ಯಾಯಾಧೀಶರು ಕಣ್ಣು ಮುಚ್ಚಿಕೊಂಡರು. "ಯಾರೂ ನಗಿಸಬೇಡಿ ದಯವಿಟ್ಟು" ಎಂದ ಬಡಗಿ. ಎಲ್ಲರೂ ನಗಲು ಅಷ್ಟೇ ಸಾಕಾಯಿತು.

ಒಳಗೆ ಮಂಚ ಗಟ್ಟಿ. ಟೆಕ್ನಿಷಿಯನ್, ನರೆತ ಮೀಸೆಯ ಮನುಷ್ಯ, ನನ್ನನ್ನು ಚುಕ್ಕೆಗೆ ಸರಿಯಾಗಿ ಹೊಂದಿಸಿ, "ಅಲುಗಬೇಡಿ" ಎಂದು ಹೊರಗೆ ಹೋದ. ಅಷ್ಟು ದಪ್ಪದ ಬಾಗಿಲು ಮುಚ್ಚಿಕೊಂಡಿತು. ಮೆಷಿನ್ ನನ್ನ ಸುತ್ತ ತಿರುಗಿತು. ಎಷ್ಟೋ ಟನ್ ತೂಕವಿರಬೇಕು. ಸದ್ದಿಲ್ಲ, ನಡುಕವಿಲ್ಲ. ಅದರ ಬೇರಿಂಗ್ ಮಾಡಿದ ಕೈಯನ್ನು ನೆನೆದು ಮಲಗಿದಲ್ಲೇ ಮನಸ್ಸಿನಲ್ಲಿ ತಲೆಬಾಗಿದೆ. ಏನಾಯಿತು ಎಂದರೆ ಏನೂ ಆಗಲಿಲ್ಲ. ಬಿಸಿಯಿಲ್ಲ, ಬೆಳಕಿಲ್ಲ. ಕಾಣದ್ದು ಬಂದು ಕಾಣದ್ದನ್ನು ಮುಟ್ಟಿ ಹೋಯಿತು.

ಜುಲೈ 22, ಮಂಗಳವಾರ

ಹನ್ನೆರಡು ಮುಗಿಯಿತು. ಸುಸ್ತು. ಮೂತ್ರ ಉರಿ, ಹಗಲಲ್ಲೂ ಓಡಿ ಓಡಿ ಹೋಗಬೇಕು. ಬಡಗಿ ಇವತ್ತು ಬರಲಿಲ್ಲ, ಅವನಿಗೆ ಜ್ವರವಂತೆ. ನಾಲ್ಕು ಜನವೂ ಅವನ ಕುರ್ಚಿ ಖಾಲಿ ಬಿಟ್ಟು ಕೂತೆವು.

ಆಗಸ್ಟ್ 1, ಶುಕ್ರವಾರ

ಇಪ್ಪತ್ತು.

ಫೆಬ್ರವರಿ 5, ಗುರುವಾರ

ಬಹಳ ದಿನದಿಂದ ಬರೆದಿಲ್ಲ. ಪುಸ್ತಕ ಬುಷ್ಷುಗಳ ಡಬ್ಬಿಯ ಕೆಳಗೆ ಸಿಕ್ಕಿತು.

ಇವತ್ತು ತಪಾಸಣೆಗೆ ಹೋಗಿದ್ದೆವು. ರಕ್ತದ ವರದಿ ಚೆನ್ನಾಗಿದೆ, ಸೊನ್ನೆ ಪಾಯಿಂಟ್ ಎಷ್ಟೋ. ಚುಚ್ಚುಮದ್ದು ಬಿಟ್ಟ ಮೇಲೆ ಅಂಕಿ ಸ್ವಲ್ಪ ಏರಬಹುದು, ಹೆದರಬೇಡಿ, ಇನ್ನೂ ಕೆಲವು ವರ್ಷ ನೋಡುತ್ತಲೇ ಇರಬೇಕು ಎಂದರು ಡಾಕ್ಟರು. ಮೂತ್ರದ ಉರಿ ಪೂರ್ತಿ ಹೋಗಿದೆ. ಉಳಿದದ್ದನ್ನು ಅವರು ಇವಳನ್ನೇ ಕೇಳಿದರು. "ಆಗೊಮ್ಮೆ ಈಗೊಮ್ಮೆ" ಎಂದಳು ಇವಳು, ಬಸ್ಸು ಬರುವ ಹೊತ್ತು ಹೇಳುವಷ್ಟು ಸಲೀಸಾಗಿ. ನಾನೂ ತಲೆ ತಗ್ಗಿಸಲಿಲ್ಲ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ.

ಕಾರಿಡಾರಿನಲ್ಲಿ ನರೆಮೀಸೆಯ ಟೆಕ್ನಿಷಿಯನ್ ಸಿಕ್ಕಿದ. ಊಟದ ಹೊತ್ತು, ಕೋಣೆ ಖಾಲಿ. ಇವಳು ಕೇಳಿದಳು, "ಆ ಮೆಷಿನ್ ಒಂದ್ಸಲ ನೋಡಬಹುದಾ? ಇಪ್ಪತ್ತು ದಿನ ಹೊರಗೇ ಕೂತಿದ್ದೆ." ಅವನು ಹಿಂದೆ ಮುಂದೆ ನೋಡಿ, "ಈಗ ಆಫ್ ಇದೆ, ಬನ್ನಿ ಅಮ್ಮ" ಎಂದ.

ಒಳಗೆ ಹೋಗಿ ಮೆಷಿನ್ನನ್ನು ಒಂದು ಸುತ್ತು ಬಂದಳು. ಬೆರಳಿನಿಂದ ಮಂಚವನ್ನು ಒತ್ತಿ ನೋಡಿದಳು. ಆಮೇಲೆ ಕೈಚೀಲವನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಆ ಮಂಚದ ಮೇಲೆ ಹತ್ತಿ ಮಲಗಿಬಿಟ್ಟಳು. ಟೆಕ್ನಿಷಿಯನ್ ತಲೆದಿಂಬು ಸರಿಮಾಡಿಕೊಟ್ಟ. ಕಾಲು ಜೋಡಿಸಿ, ಎರಡೂ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮೇಲೆ ನೋಡುತ್ತ ಮಲಗಿದಳು. ನಾನೂ ಹಾಗೆಯೇ ಮಲಗುತ್ತಿದ್ದೆ, ಆದರೆ ಅದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಷ್ಟು ದೊಡ್ಡ ಮೆಷಿನಿನ ಕೆಳಗೆ ಅಷ್ಟು ಸಣ್ಣ ಮನುಷ್ಯ. ಇಪ್ಪತ್ತು ದಿನವೂ ನಾನು ಮೆಷಿನ್ನನ್ನೇ ನೋಡಿ ಬೆರಗಾಗಿದ್ದೆ. ಅದರ ಕೆಳಗೆ ಮಲಗಿದವರನ್ನು ಇಲ್ಲಿಂದ ನೋಡುವುದು ಎಂಥದ್ದು ಎಂದು ಇವತ್ತು ಗೊತ್ತಾಯಿತು. ಅವಳು ಅದನ್ನು ನೋಡದೆಯೇ, ಮುಚ್ಚಿದ ಬಾಗಿಲ ಆಚೆ ಕೂತು, ಇಪ್ಪತ್ತು ದಿನ ಅನುಭವಿಸಿದ್ದಾಳೆ.

ಒಂದು ನಿಮಿಷ ಆಗಿರಬೇಕು.

"ರೀ" ಎಂದಳು ಮಲಗಿದಲ್ಲಿಂದಲೇ. "ಇಷ್ಟು ಹೊತ್ತೂ ಈ ಸೂರನ್ನೇ ನೋಡ್ತಿದ್ರಾ? ಒಂದು ಚಿತ್ರಾನಾದ್ರೂ ಹಾಕಬಾರದಿತ್ತಾ ಇವರು."

"ಹೇಳೋಣ" ಎಂದೆ.

ಮಂಚ ಎತ್ತರ, ಇಳಿಯಲು ಕಷ್ಟವಾಯಿತು ಅವಳಿಗೆ. ಕೈ ಚಾಚಿದಳು. ಹೋಗಿ ಹಿಡಿದುಕೊಂಡೆ.